ದೊರೆ ಕಳ್ಳಿನ ರುಚಿ ನೋಡಿದ ದಿನ

ಮರದ ಮೇಲಿರುವಷ್ಟು ಹೊತ್ತು ನನಗೆ ಹೆದರಿಕೆ ಇಲ್ಲ. ಕೆಳಗೆ ಇಳಿದ ಕೂಡಲೇ ಗಾಬರಿಯಾಗುವಂಥದ್ದು ಏನಾದರೊಂದು ಆಗಿಯೇ ಆಗುತ್ತದೆ. ಒಂದು ದಿನ ಬೆಳಗಿನಿಂದ ಸಂಜೆಯವರೆಗೂ ಅದೇ ಆಯಿತು.

೧. ದ್ರಾಕ್ಷಿಯ ಊರು

ಕೂಳೂರು ಹೊಳೆಯ ಬದಿಯಲ್ಲಿ ಧಣಿಯ ತೆಂಗಿನ ತೋಟ. ಅಲ್ಲಿ ಕಳ್ಳು ಇಳಿಸುವವ ನಾನು. ಮನೆಯೂ ತೋಟದಲ್ಲೇ. ಆ ಬೆಳಿಗ್ಗೆ ಧಣಿ ದೋಣಿಯಲ್ಲಿ ಬಂದರು. ಜೊತೆಗೆ ಒಬ್ಬ ಬಿಳಿ ದೊರೆ. ಜೆಪ್ಪುವಿನ ಹತ್ತಿರ ಹಂಚಿನ ಕಾರ್ಖಾನೆಗೆ ಹೊಸದಾಗಿ ಬಂದವರಂತೆ.

"ಇವರ ಊರಿನ ಗುಡ್ಡೆ ಇಡೀ ದ್ರಾಕ್ಷಿ ತೋಟ ಮಾರಾಯ," ಅಂದರು ಧಣಿ. "ಜನ ತೋಟದಿಂದ ತೋಟಕ್ಕೆ ಹೋಗಿ ದ್ರಾಕ್ಷಿ ಮದ್ಯದ ರುಚಿ ನೋಡ್ತಾರಂತೆ. ಇಲ್ಲಿ ಕಳ್ಳಿಗೂ ಹಾಗೆಯೇ ಮಾಡಬೇಕಂತೆ."

"ಕುಡಿಯಲಿಕ್ಕಾ ಧಣಿ?"

"ಅಲ್ಲ. ರುಚಿ ನೋಡಲಿಕ್ಕೆ."

"ಮತ್ತೆ ಕುಡಿಯುವುದು ಯಾವಾಗ?"

ಧಣಿ ದೊರೆಯನ್ನು ಕೇಳಿದರು. ದೊರೆ ತುಂಬ ಹೊತ್ತು ಉತ್ತರ ಹೇಳಿದರು. ಧಣಿ ನನ್ನ ಕಡೆ ತಿರುಗಿ, "ನನಗೂ ಗೊತ್ತಾಗಲಿಲ್ಲ," ಅಂದರು.

೨. ದೊರೆಯ ಹಿರಿಯರು

ಮೊದಲ ಮರದ ಕಳ್ಳನ್ನು ತೆಂಗಿನ ಗೆರಟೆಯಲ್ಲಿ ಕೊಟ್ಟೆ. ದೊರೆ ಬೆಳಕಿಗೆ ಹಿಡಿದರು. ಮೂಸಿದರು. ಬಾಯಿ ತುಂಬ ತೆಗೆದುಕೊಂಡು ಮುಕ್ಕಳಿಸಿದರು. ಮರದ ಬುಡಕ್ಕೆ ಉಗುಳಿಬಿಟ್ಟರು! ನಾನು ಕತ್ತಿ ಹಿಡಿದುಕೊಂಡೇ ನಿಂತೆ. ಎರಡನೆಯ ಮರದ ಕಳ್ಳಿಗೂ ಅದೇ ಗತಿ.

ನಾವೂ ಕುಡಿಯುವ ಮೊದಲು ಒಂದು ಹನಿ ನೆಲಕ್ಕೆ ಬಿಡುತ್ತೇವೆ. ತೀರಿಹೋದ ಹಿರಿಯರಿಗೆ ಅದು. ಇವರು ತಮಗೆಂದು ಏನೂ ಇಟ್ಟುಕೊಳ್ಳುವುದಿಲ್ಲ. ಪಾಪ, ಮನೆಯಲ್ಲಿ ಎಷ್ಟು ಜನ ಹೋಗಿರಬೇಕು! ನನಗೆ ತಡೆಯಲಾಗಲಿಲ್ಲ.

"ದೊರೆಯ ಮನೆಯಲ್ಲಿ ಎಲ್ಲರೂ ತೀರಿಹೋದರಾ ಧಣಿ?"

ಧಣಿ ಕೇಳಿ ನೋಡಿದರು. "ಇಲ್ಲವಂತೆ. ಅಪ್ಪ, ಅಮ್ಮ, ಅಜ್ಜಿ ಎಲ್ಲ ಗಟ್ಟಿ ಇದ್ದಾರಂತೆ."

ನಾನು ಎರಡು ಹೆಜ್ಜೆ ಹಿಂದೆ ಸರಿದೆ. "ಬದುಕಿದ್ದವರಿಗೆ ಈಗಲೇ ಕೊಡುವುದಾ?"

೩. ಧಣಿಯ ಮರ್ಯಾದೆ

ಹೊಳೆಯ ಅಂಚಿನ ಮರದ ಮಡಕೆಯನ್ನು ಮಾತ್ರ ನಾನು ಬಟ್ಟೆ ಕಟ್ಟಿ ಮನೆಯೊಳಗೆ ಇಟ್ಟೆ. ದೊರೆ ಅದನ್ನು ನೋಡಿದರು. "ಅದು ಯಾಕೆ ಕೊಡುವುದಿಲ್ಲ?" ಅಂತ ಧಣಿಯಿಂದ ಕೇಳಿಸಿದರು.

"ಅದು ಅವಳಿಗೆ ಧಣಿ."

ಧಣಿಗೆ ಗೊತ್ತಿತ್ತು. ನನ್ನ ಹೆಂಡತಿ ಮಳೆಗಾಲದ ಮೊದಲು ತೀರಿಹೋದಳು. ಮಲಗಿದಲ್ಲಿಂದ ಕೇಳಿದ್ದು ಒಂದೇ, ಆ ಮರದ ಕಳ್ಳು. ಆಗ ಆ ಮರ ಒಸರುತ್ತಿರಲಿಲ್ಲ. ನಾಳೆ ಕೊಡ್ತೇನೆ ಅಂದೆ. ಮರುದಿನವೂ ನಾಳೆ ಅಂದೆ. ಅವಳು ಕಾಯಲಿಲ್ಲ. ಈಗ ಮರ ಒಸರುತ್ತಾ ಉಂಟು. ಆ ಸಂಜೆಯೇ ಅವಳ ಹೆಸರಿನಲ್ಲಿ ಎಲೆ ಬಡಿಸುವುದಿತ್ತು.

"ಹೆಂಡತಿಗೆ ಇಟ್ಟದ್ದು," ಎಂದಷ್ಟೇ ಧಣಿ ದೊರೆಗೆ ಹೇಳಿದರಂತೆ. ಸತ್ತ ವಿಷಯ ಹೇಳಲಿಲ್ಲವಂತೆ.

ಆಮೇಲೆ ದೊರೆ ಧಣಿಗೂ ಉಗುಳಲು ಹೇಳಿದರು. "ನನ್ನ ತೋಟದ ಕಳ್ಳನ್ನು ನಾನೇ ಉಗುಳುವುದಾ?" ಧಣಿ ತಮ್ಮ ಪಾಲು ನುಂಗಿದರು. ದೊರೆಯ ಗೆರಟೆಯಲ್ಲಿ ಉಳಿದದ್ದನ್ನೂ ನುಂಗಿದರು. ಮಧ್ಯಾಹ್ನದ ಹೊತ್ತಿಗೆ ನನ್ನ ಜೊತೆ ಇಂಗ್ಲಿಷ್ ಮಾತಾಡಿದರು, ದೊರೆಯ ಜೊತೆ ತುಳು. ದೊರೆ ತಲೆಯಾಡಿಸಿದರು. ನಾನೂ ಆಡಿಸಿದೆ. ಧಣಿಯ ಮಾತಿಗೆ ಯಾರೂ ಎದುರಾಡಲಿಲ್ಲ.

೪. ಬಾಗಿಲು ತೆರೆದಾಗ

ಸಂಜೆಯ ಹೊತ್ತಿಗೆ ಧಣಿ ಮರದಡಿ ನಿದ್ದೆ ಮಾಡಿ ಎದ್ದರು. ದೊರೆ ಹೊಳೆ ನೋಡಲು ಹೋಗಿದ್ದರು. ಒಳಗೆ ಅತ್ತೆ, ಅಂದರೆ ನನ್ನ ಹೆಂಡತಿಯ ತಾಯಿ, ಎಲೆ ಹಾಕಿ ಬಂಗುಡೆ ಸಾರು, ಕಡುಬು ಬಡಿಸಿದರು. ನಾನು ಮಡಕೆ ಇಟ್ಟೆ. ಇಷ್ಟಾದ ಮೇಲೆ ಬಾಗಿಲು ಎಳೆದು ಎಲ್ಲರೂ ಹೊರಗೆ ನಿಲ್ಲಬೇಕು. ಸತ್ತವರು ಬಂದು ಉಣ್ಣಬೇಕು. ನಿಂತೆವು. ಹಿಂಬಾಗಿಲು ಹಾಕಿರಲಿಲ್ಲ. ಅದನ್ನು ಹಾಕುತ್ತಿದ್ದವಳು ಅವಳು.

ಸ್ವಲ್ಪ ಹೊತ್ತಾಯಿತು. ಅತ್ತೆ ಕೆಮ್ಮಿ ಬಾಗಿಲು ದೂಡಿದರು.

ಎಲೆ ಖಾಲಿ! ಮೀನಿನ ಮುಳ್ಳು ಮಾತ್ರ ಉಂಟು. ಮಡಕೆಯೂ ಖಾಲಿ!

"ಬಂದಳು!" ಅತ್ತೆ ಕೂಗಿದರು.

ಬಾಗಿಲ ಹಿಂದಿನಿಂದ ಒಂದು ದೊಡ್ಡ ತೇಗು ಕೇಳಿತು. ಅವಳ ತೇಗು ಹಾಗಿರಲಿಲ್ಲ.

ಗೋಡೆಗೆ ಒರಗಿ ದೊರೆ ಕೂತಿದ್ದರು. ಬೂಟು ಕಳಚಿ ಬದಿಗಿಟ್ಟಿದ್ದರು. ಹಿಂಬಾಗಿಲಿನಿಂದ ಬಂದರೆ ಬಡಿಸಿದ ಎಲೆ, ಮನೆಯಲ್ಲಿ ಯಾರೂ ಇಲ್ಲ, ಹಾಗಾಗಿ ನನ್ನ ಹೆಂಡತಿಯೇ ಬಂದ ನೆಂಟನಿಗೆ ಇಟ್ಟದ್ದು ಅಂತ ತಿಳಿದರಂತೆ. ಧಣಿ ತಲೆಯ ಮೇಲೆ ಕೈ ಹೊತ್ತು ಈಗ ಎಲ್ಲ ವಿಷಯ ಹೇಳಿದರು. ದೊರೆಯ ಮುಖ ಹಂಚಿನ ಬಣ್ಣಕ್ಕೆ ಬಂತು.

ಅತ್ತೆ ಬಗ್ಗಿ ನೆಲ ನೋಡಿದರು. ಮೂಲೆ ಮೂಲೆ ನೋಡಿದರು. "ಎಲ್ಲಿ ಉಗುಳಿದ್ದಾರೆ ಕೇಳಿ."

ಧಣಿ ಕೇಳಿದರು. "ಇದೊಂದನ್ನು ಉಗುಳಲಿಕ್ಕೆ ಮನಸ್ಸು ಬರಲಿಲ್ಲವಂತೆ."

ನಾನು ಅಲ್ಲಿಯೇ ಕೂತೆ. ಎಲ್ಲ ಮರದ ಕಳ್ಳನ್ನೂ ಉಗುಳಿದವರು ಅವಳದ್ದನ್ನು ನುಂಗಿದ್ದಾರೆ.

ಅತ್ತೆ ಸೆರಗಿನಲ್ಲಿ ಕಣ್ಣೊರೆಸಿದರು. "ತಲುಪಿತು ಬಿಡಿ. ಅವಳೂ ಹೀಗೆಯೇ, ಒಂದು ಹನಿ ಬಿಡುತ್ತಿರಲಿಲ್ಲ."

ದೊರೆ ಮೆಲ್ಲ ಏನೋ ಕೇಳಿದರು. ಧಣಿ ಹೇಳಲು ಹಿಂದೆಮುಂದೆ ನೋಡಿದರು. "ಇಂಥ ಇನ್ನೊಂದು ಮಡಕೆ ಸಿಗಬಹುದಾ ಅಂತ ಕೇಳ್ತಾರೆ."

"ಅದಕ್ಕೆ ಇನ್ನೊಬ್ಬರು ಸಾಯಬೇಕು ಅಂತ ಹೇಳಿ," ಅಂದರು ಅತ್ತೆ.

ಧಣಿ ಇಂಗ್ಲಿಷಿನಲ್ಲಿ ಹೇಳಿದರು. ದೊರೆ ಧಣಿಯನ್ನೇ ತಲೆಯಿಂದ ಕಾಲಿನವರೆಗೆ ನೋಡಿದರು. ನನಗೆ ನಗು ಬಂತು. ಅವಳು ಹೋದ ಮೇಲೆ ಅದೇ ಮೊದಲು.

ಧಣಿ ಚಪ್ಪಲಿಯನ್ನೂ ಹಾಕದೆ ದೋಣಿಗೆ ನಡೆದರು.