ಬಾಯಿಮಾತಿಗೆ ಮೂಟೆ ಅಲ್ಲಾಡದು

“ಒಂದೇ ಒಂದು ವಾರ! ಈ ಮನೆಯ ಗೋಡೆಗೂ ಓದು ಕಲಿಸಿಬಿಡ್ತೀನಿ, ನೋಡ್ತಾ ಇರು!”

ಹೀಗೆ ಗುಡುಗಿದವನು ಗೋದಾಮಿನ ಮೇಲ್ವಿಚಾರಕ. ಕಿವಿಯ ಮೇಲೊಂದು ಮಾರ್ಕರ್ ಪೆನ್ನು, ಅಂಗಿಯ ಜೇಬಿನಲ್ಲಿ ಅಂಟುಚೀಟಿಯ ಸುರುಳಿ. ಇವೆರಡೂ ಇಲ್ಲದೆ ಅವನನ್ನು ಕಂಡವರು ಇನ್ನೂ ಹುಟ್ಟಿಲ್ಲ. ಎದುರಿಗೆ ನಿಂತಿದ್ದ ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ರೋಗಿಯ ಜ್ವರವನ್ನೂ ಗಂಡನ ಬಡಾಯಿಯನ್ನೂ ಮುಖ ನೋಡಿಯೇ ಅಳೆಯಬಲ್ಲವಳು.

“ಗೋಡೆ ಹಾಗಿರಲಿ ರೀ, ಮೊದಲು ಮಗಳಿಗೆ ಕಲಿಸಿ,” ಅಂದಳು.

ನಿಜಕ್ಕೂ ಅದು ನಗುವ ಸಂಗತಿಯಾಗಿರಲಿಲ್ಲ. ಮಗಳನ್ನು ಮನೆಯಲ್ಲಿ ಕರೆಯುವುದೇ ಪಟಾಕಿ ಎಂದು. ಪುಸ್ತಕ ತೆರೆದರೆ ಸಾಕು, ಅರಳು ಹುರಿದಂತೆ ಪಾಠ ಒಪ್ಪಿಸುತ್ತಿದ್ದಳು. ಆದರೆ ಟೀಚರ್ ಚಿತ್ರದ ಮೇಲೆ ಅಂಗೈ ಇಟ್ಟಿದ್ದೇ ತಡ, ಪಟಾಕಿ ಠುಸ್! “ಇವಳು ಓದ್ತಿಲ್ಲ, ಚಿತ್ರ ನೋಡಿ ಬಾಯಿಪಾಠ ಒಪ್ಪಿಸ್ತಿದ್ದಾಳೆ. ಸೋಮವಾರ ಹೊಸದೊಂದು ಸಾಲು ಕೊಟ್ಟು ನೋಡ್ತೀನಿ. ಆಗಲೂ ಬರದಿದ್ರೆ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸ್ಬೇಕಾಗುತ್ತೆ,” ಎಂದಿದ್ದರು.

ಶಾಲೆಯಿಂದ ಬರುವ ದಾರಿಯಲ್ಲಿ ಮಗು ಕೇಳಿತ್ತು: “ಅಪ್ಪಾ, ಎಲ್ರೂ ಮುಂದಿನ ರೂಮಿಗೆ ಹೋದ್ರೆ ನನ್ನ ಪಕ್ಕ ಯಾರು ಕೂರ್ತಾರೆ?”

ಆ ಮಾತು ಮುಳ್ಳಾಗಿ ನಾಟಿದ್ದಕ್ಕೇ ಅವನು ಅಷ್ಟು ಗುಡುಗಿದ್ದು!

ಗೋದಾಮಿನವನಿಗೆ ಗೊತ್ತಿದ್ದ ವಿದ್ಯೆ ಒಂದೇ, ಚೀಟಿ ಅಂಟಿಸುವುದು. ಅಂಟಿಸಿದ ನೋಡಿ! ಕುರ್ಚಿಗೆ ‘ಕುರ್ಚಿ’, ಕನ್ನಡಿಗೆ ‘ಕನ್ನಡಿ’, ಬೀರುವಿಗೆ ‘ಬೀರು’. ಹೆಂಡತಿ ಅರೆಗಳಿಗೆ ಅಲ್ಲಾಡದೆ ನಿಂತಿದ್ದರೆ ಅವಳ ಬೆನ್ನಿಗೂ ಒಂದು ಬೀಳುತ್ತಿತ್ತು. ಪಟಾಕಿ ಮನೆಯೆಲ್ಲ ಕುಣಿಯುತ್ತ ಒಂದೊಂದನ್ನೂ ಬೆರಳಿಟ್ಟು ಓದಿದಳು. ಒಂದೂ ತಪ್ಪಲಿಲ್ಲ!

“ಹೇಗಿದೆ ನನ್ನ ಪದ್ಧತಿ?” ಎಂದು ಅಪ್ಪ ಮೀಸೆ ತಿರುವಿದ.

ಹೆಂಡತಿ ಕನ್ನಡಿಯ ಚೀಟಿ ಕಿತ್ತು ಬೀರುವಿಗೆ, ಬೀರುವಿನದನ್ನು ಕಿತ್ತು ಕನ್ನಡಿಗೆ ಅಂಟಿಸಿದಳು. “ಈಗ ಓದು ಪುಟ್ಟಾ.”

ಪಟಾಕಿ ‘ಬೀರು’ ಎಂಬ ಚೀಟಿಯ ಮೇಲೆ ಬೆರಳಿಟ್ಟು, ತನ್ನ ಮುಖ ನೋಡಿಕೊಂಡು, ಜಡೆ ಸರಿಮಾಡಿಕೊಂಡು, “ಕನ್ನಡಿ!” ಎಂದಳು.

ಮೀಸೆ ತಾನಾಗಿಯೇ ಇಳಿಯಿತು.

ಆದರೂ ಮೇಲ್ವಿಚಾರಕ ಬಿದ್ದವನಲ್ಲ! ಗೋದಾಮಿನ ಮಹಾಮಂತ್ರವನ್ನೇ ಮನೆಗೆ ತಂದ. “ನೋಡು ಮಗಳೇ, ನಮ್ಮ ಗೋದಾಮಿನಲ್ಲಿ ಬಾಯಿಮಾತಿಗೆ ಮೂಟೆ ಅಲ್ಲಾಡೋದಿಲ್ಲ. ಚೀಟಿ ಬೇಕು, ಚೀಟಿಗೆ ಸಹಿ ಬೇಕು. ಇವತ್ತಿಂದ ನಮ್ಮನೇಲೂ ಹಾಗೇ. ಯಾರೇ ಬಾಯಲ್ಲಿ ಹೇಳಿದ್ರೂ ಮಾಡ್ಬೇಡ. ಚೀಟಿ ಓದು, ಅದರಲ್ಲಿದ್ದದ್ದು ಮಾಡು!”

ಪಟಾಕಿಗೆ ಹಬ್ಬವೋ ಹಬ್ಬ. ‘ಲೋಟ ತಾ’, ‘ದೀಪ ಆರಿಸು’, ಎಲ್ಲಕ್ಕೂ ಕೆಳಗೆ ಅಪ್ಪನ ಸಹಿ. ಮೊದಮೊದಲು ಲೋಟ ತಾ ಎಂದರೆ ಚಪ್ಪಲಿ ಬರುತ್ತಿತ್ತು. ಬರಬರುತ್ತ ಲೋಟವೂ ಬಂತು. ಆದರೆ ಓದಿ ತಂದಳೋ, ಊಹಿಸಿ ತಂದಳೋ? ಅಪ್ಪನಿಗೆ ಒಳಗೊಳಗೇ ಅನುಮಾನ.

ಹೀಗೇ ಭಾನುವಾರ ಬಂತು. ಹೆಂಡತಿ ರಾತ್ರಿ ಡ್ಯೂಟಿಯಿಂದ ಇನ್ನೂ ಬಂದಿರಲಿಲ್ಲ. ಬಚ್ಚಲ ಬಾಗಿಲು ಗಾಳಿಗೆ ದಡಬಡ ಬಡಿದುಕೊಳ್ಳುತ್ತಿದ್ದುದರಿಂದ ಅಪ್ಪ ಅದರ ಹೊರಮೈಗೆ ‘ಚಿಲಕ ಹಾಕು’ ಎಂದು ಬರೆದು, ಸಹಿ ಜಡಿದು, ಸ್ನಾನಕ್ಕೆ ಒಳಗೆ ಹೋದ.

ಮೈಗೆಲ್ಲ ಸೋಪು ಹಚ್ಚಿಕೊಂಡಿದ್ದಾನೆ, ಹೊರಗಿನಿಂದ ‘ಟಕ್’!

“ಯಾರದು? ತೆಗಿ ಚಿಲಕ!”

“ಬಾಯಿಮಾತಿಗೆ ಮೂಟೆ ಅಲ್ಲಾಡಲ್ಲ ಅಪ್ಪಾ.”

“ಲೇ, ಮೂಟೆ ಅಲ್ಲ ಕಣೇ, ನಾನು! ಆ ನಿಯಮ ರದ್ದು!”

“ಅದನ್ನೂ ಬರೆದು ಕೊಡು.”

ಗುರುವಿಗೇ ತಿರುಮಂತ್ರ! ಪುಣ್ಯಕ್ಕೆ ಗೂಟಕ್ಕೆ ನೇತುಹಾಕಿದ್ದ ಅಂಗಿಯಲ್ಲಿ ಪೆನ್ನೂ ಸುರುಳಿಯೂ ಇದ್ದವು. ಗಾಬರಿಯಲ್ಲಿ ಕೈ ಗೋದಾಮಿನ ಭಾಷೆಯನ್ನೇ ಬರೆಯಿತು: ‘ಈ ಚೀಟಿ ತಲುಪಿದ ಕೂಡಲೇ ಸದರಿ ಬಾಗಿಲಿನ ಚಿಲಕವನ್ನು ತೆರವುಗೊಳಿಸತಕ್ಕದ್ದು.’ ಬಾಗಿಲ ಸಂದಿಯಲ್ಲಿ ತೂರಿಸಿದ.

ಹೊರಗೆ ಬಹಳ ಹೊತ್ತು ಗುನುಗುನು. ಆಮೇಲೆ, “ಅಪ್ಪಾ, ಇದು ರೈಲಿನಷ್ಟು ಉದ್ದ ಇದೆ. ಸಣ್ಣದು ಕೊಡು.”

ಎರಡನೆಯದು ನೀರು ಬಿದ್ದು ಮಸಿಯಾಯಿತು. ಕೈ ಒರೆಸಿಕೊಂಡು ಮೂರನೆಯದರಲ್ಲಿ ಬರೆದು ಸಹಿ ಹಾಕಿದ: ‘ಚಿಲಕ ತೆಗೆ.’

“ಚಿ... ಲ... ಕ... ತೆ... ಗೆ...” ಎಂದು ಹೊರಗೆ ಒಂದೊಂದೇ ಅಕ್ಷರ ಹೆಜ್ಜೆಯಿಟ್ಟಿತು. ಅಪ್ಪ ಬಾಗಿಲಿಗೆ ಕಿವಿ ಹಚ್ಚಿದ. ಈ ಚೀಟಿಗೆ ಚಿತ್ರವಿಲ್ಲ, ಎದುರಿಗೆ ತೋರಿಸುವವರಿಲ್ಲ! ಪುಟ್ಟ ಹೆಜ್ಜೆಗಳು ಓಡಿದವು. ದೂರದಲ್ಲೆಲ್ಲೋ ‘ಟಕ್’.

“ತೆಗೆದೆ ಅಪ್ಪಾ!”

“ಎಲ್ಲಿ? ಇದಿನ್ನೂ ಹಾಕೇ ಇದೆಯಲ್ಲೇ!”

“ಮುಂದಿನ ಬಾಗಿಲಿಂದು ತೆಗೆದೆ. ಯಾವ ಚಿಲಕ ಅಂತ ನೀನು ಬರ್ದೇ ಇಲ್ಲ!”

ಸೋಪು ಒಣಗಿ ಮೈ ಬಿರಿಯುತ್ತಿದ್ದರೂ ಅಪ್ಪ ನಿಂತಲ್ಲೇ ಕುಣಿದ. ಓದಿದ್ದಾಳೆ! ಓದಿ ತಿಳಿದುಕೊಂಡಿದ್ದಾಳೆ! ತಪ್ಪು ಹುಡುಕುವಷ್ಟು ತಿಳಿದುಕೊಂಡಿದ್ದಾಳೆ! ‘ಬಚ್ಚಲ ಚಿಲಕ ತೆಗೆ’ ಎಂದು ಬರೆದು ತಳ್ಳಿದ.

“ಸಹಿ ಇಲ್ಲ!” ಚೀಟಿ ಹಾಗೇ ವಾಪಸು ಬಂತು.

ಅಷ್ಟರಲ್ಲಿ, ಹಾರುಹೊಡೆದ ಮುಂಬಾಗಿಲು ಕಂಡು ಗಾಬರಿಯಿಂದ ಒಳಬಂದ ಹೆಂಡತಿಗೆ ನೆಲದ ತುಂಬ ಚೀಟಿ, ಬಚ್ಚಲ ಹೊರಗೆ ಮಗಳು, ಒಳಗಿನಿಂದ ಗಂಡನ ಕೂಗು, ಎಲ್ಲ ಎದುರಾದವು. ಕಥೆ ತಿಳಿದದ್ದೇ ಗೋಡೆಗೆ ಒರಗಿಕೊಂಡು ನಕ್ಕಳು. “ನಾನು ತೆಗೆಯೋ ಹಾಗಿಲ್ಲ ರೀ, ಕಾನೂನು ನಿಮ್ಮದೇ! ಸಹಿ ಮಾಡಿ, ಸ್ವಾಮಿ!”

ಮೇಲ್ವಿಚಾರಕ ತನ್ನ ಘನವಾದ ಸಹಿಯನ್ನು ಎಳೆದು ಕಳಿಸಿದ.

ಮಗಳು ಚೀಟಿಯನ್ನು ಹಾಗೆ ಹಿಡಿದಳು, ಹೀಗೆ ಹಿಡಿದಳು. “ಅಮ್ಮಾ, ಇದು ಎರೆಹುಳ. ಅಕ್ಷರವೇ ಅಲ್ಲ. ಇಷ್ಟು ದಿನವೂ ಇದನ್ನ ಓದೋಕೆ ಆಗ್ತಿರ್ಲಿಲ್ಲ, ಪಾಪ ಅಂತ ಸುಮ್ನಿದ್ದೆ.”

ಕೊನೆಗೆ ಅವನು ದುಂಡಗೆ, ಬಿಡಿಬಿಡಿಯಾಗಿ ‘ಅಪ್ಪ’ ಎಂದು ಬರೆದ. ಅವಳು ಒಂದೇ ಉಸಿರಿಗೆ ಓದಿದಳು. ಚಿಲಕ ತೆರೆಯಿತು. ಟವೆಲು ಸುತ್ತಿಕೊಂಡು ಹೊರಬಂದವನು ಒದ್ದೆ ಕೈಯಲ್ಲೇ ಮಗಳನ್ನು ಎತ್ತಿಕೊಂಡ. ವಾರದಿಂದ ಚುಚ್ಚುತ್ತಿದ್ದ ಮುಳ್ಳು ಸೋಪಿನ ನೀರಿನ ಜೊತೆ ಹರಿದುಹೋಗಿತ್ತು.

ಸೋಮವಾರ ಟೀಚರ್ ಹಲಗೆಯ ಮೇಲೆ ‘ಹಿಂದಿನ ಕಿಟಕಿ ಮುಚ್ಚು’ ಎಂದು ಬರೆದರು. ಪಟಾಕಿ ಓದಿದಳು, ಮುಂದಿನ ಕಿಟಕಿಗಳನ್ನು ಬಿಟ್ಟು ನೇರ ಹೋಗಿ ಹಿಂದಿನದನ್ನು ಮುಚ್ಚಿ ಬಂದಳು. “ಭೇಷ್! ಇವಳು ಮುಂದಿನ ರೂಮಿಗೇ ಹೋಗ್ತಾಳೆ. ಇಲ್ಲೊಂದು ಸಹಿ ಹಾಕಿ,” ಎಂದು ಟೀಚರ್, ಮಗಳ ಜೊತೆ ಬಂದಿದ್ದ ಅಪ್ಪನತ್ತ ಹಾಳೆ ಚಾಚಿದರು.

ಅಪ್ಪ ಹಿಗ್ಗಿನಲ್ಲಿ ಮೈಮರೆತು ಹಳೆಯ ಎರೆಹುಳವನ್ನೇ ಎಳೆದ.

ಪಟಾಕಿ ಇಣುಕಿ ನೋಡಿದಳು. ಟೀಚರ್ ಸೆರಗು ಜಗ್ಗಿ, ಕನಿಕರದಿಂದ ಕೇಳಿದಳು:

“ಟೀಚರ್, ನಮ್ಮಪ್ಪಂಗೆ ಇನ್ನೂ ಅಕ್ಷರ ಬರಲ್ಲ. ಅವರನ್ನ ಇನ್ನೊಂದು ವರ್ಷ ಇದೇ ಕ್ಲಾಸಲ್ಲಿ ಕೂರಿಸ್ಕೊಳ್ತೀರಾ?”