ಮೈಗೆ ಹಿಡಿದಂತೆ ಕೂತ ಕಾರು

"ಈ ಸಲ ಕಾರಿನ ಇನ್ಶೂರೆನ್ಸ್ ಪ್ರೀಮಿಯಂ ಕತ್ತರಿಸಿ ಅರ್ಧಕ್ಕೆ ಇಳಿಸದಿದ್ರೆ ನನ್ನನ್ನ ಟೇಲರ್ ಅಂತ ಕರೀಬೇಡ!" ಎಂದು ದರ್ಜಿ ಮಾಸ್ತರು ಗುಡುಗಿದಾಗ ಅವರ ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಎರಡು ಗುಂಡುಸೂಜಿ ಇದ್ದವು. ಇಂಥ ಘೋರ ಪ್ರತಿಜ್ಞೆಯನ್ನು ಗುಂಡುಸೂಜಿ ಕಚ್ಚಿಕೊಂಡು ಮಾಡಬಾರದು! ಒಂದು ಸೂಜಿ ಹಾರಿ, ಅಂಗಡಿಯ ಮೇಜಿನ ಆಚೆ ಬದಿ ಉತ್ತರಪತ್ರಿಕೆ ತಿದ್ದುತ್ತಿದ್ದ ಹೆಂಡತಿಯ ಮುಂದೆ ಬಿತ್ತು. ಆಕೆ ಶಾಲೆಯಲ್ಲಿ ಲೆಕ್ಕದ ಟೀಚರು.

"ಇಳೀದಿದ್ರೆ?" ಎಂದರು ಟೀಚರು, ತಲೆ ಎತ್ತದೆ.

"ಇಳೀದಿದ್ರೆ ಕಾರಿನ ಕೀಲಿ ನಿನಗೆ! ನಾನು ಸ್ಟಿಯರಿಂಗ್ ಮುಟ್ಟಿದ್ರೆ ಕೇಳು!"

ಈಗ ಟೀಚರು ತಲೆ ಎತ್ತಿದರು. ಅವರಿಗೆ ಲೈಸೆನ್ಸು ಬಂದು ಆರು ವರ್ಷವಾಗಿತ್ತು. ಕಾರು ಕೈಗೆ ಸಿಕ್ಕಿದ್ದು ಮಾಸ್ತರಿಗೆ ಜ್ವರ ಬಂದಿದ್ದ ಮೂರು ದಿನ ಮಾತ್ರ. ಮಿಕ್ಕಂತೆ ಮಾಸ್ತರೇ ಓಡಿಸುತ್ತಿದ್ದರು, ಅಲ್ಲಲ್ಲಿ ಕಂಬಕ್ಕೆ ತಗುಲಿಸುತ್ತಿದ್ದರು, ಕ್ಲೇಮು ಹಾಕುತ್ತಿದ್ದರು. ಪ್ರೀಮಿಯಂ ಏರಲು ಇದೇ ಕಾರಣ ಎಂಬುದು ಅವರೊಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತಿತ್ತು.

"ಆ ಕಂಬದ್ದೇ ತಪ್ಪು ಕಣೇ! ರಸ್ತೆ ಕಡೆ ಬಾಗಿತ್ತು!"

"ಬಾಗಿದ್ದು ನೀವು ಗುದ್ದಿದ ಮೇಲೆ ಕಣ್ರೀ."

ಮಾಸ್ತರು ಈ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಕಂಪನಿಗೆ ಫೋನು ಮಾಡಿದರು. ಕಾರನ್ನು ಬೀದಿಯಲ್ಲಿ ಬಿಡದೆ ಬಾಗಿಲಿರುವ ಶೆಡ್ಡಿನಲ್ಲಿ ನಿಲ್ಲಿಸಿದರೆ ರಿಯಾಯಿತಿ ಉಂಟಂತೆ! ಶನಿವಾರ ಐದು ಗಂಟೆಗೆ ತಪಾಸಣೆಯವರೇ ಬಂದು ನೋಡುತ್ತಾರಂತೆ! ಮಾಸ್ತರು ಅಂಗಡಿಯಲ್ಲೇ ಕುಣಿದುಬಿಟ್ಟರು.

ಮನೆಯ ಪಕ್ಕದಲ್ಲಿ ಶೆಡ್ಡು ಇತ್ತು. ಅದರ ತುಂಬ ಕೆಟ್ಟ ಹೊಲಿಗೆ ಯಂತ್ರಗಳು, ಬಟ್ಟೆಯ ಗಂಟುಗಳು, ಕೋಟು ತೊಡಿಸುವ ನಾಲ್ಕು ಬೊಂಬೆಗಳು. ಎಲ್ಲವೂ ಮನೆಯ ಹಜಾರಕ್ಕೆ ದಂಡೆತ್ತಿ ಬಂದವು. ಆಮೇಲೆ ಮಾಸ್ತರು ಕೊರಳಿನ ಟೇಪು ತೆಗೆದು, ಗಿರಾಕಿಯನ್ನು ಅಳೆಯುವಂತೆಯೇ ಕಾರಿನ ಸುತ್ತ ಸುತ್ತಿದರು.

"ಭುಜ ಅರವತ್ತಾರು! ಶೆಡ್ಡು ಎಪ್ಪತ್ತೆರಡು! ಒಂದೊಂದು ಪಕ್ಕಕ್ಕೆ ಮೂರಿಂಚು ಸಡಿಲ! ನಾನು ಕೋಟಿಗೂ ಇಷ್ಟು ಬಿಡಲ್ಲ!"

"ಅಲ್ಲಾ ರೀ, ಅದು..."

"ಅಳತೆ ವಿಷಯಕ್ಕೆ ಬರ್ಬೇಡ! ಮೂವತ್ತು ವರ್ಷದಿಂದ ಒಬ್ಬ ಗಿರಾಕೀನೂ ನನಗೆ ಎದುರು ಮಾತಾಡಿಲ್ಲ!"

ಟೀಚರು ಒಳಗೆ ಹೋದರು.

ಶನಿವಾರ ಐದಕ್ಕೆ ಹತ್ತು ನಿಮಿಷವಿದ್ದಾಗ ಮಾಸ್ತರು ಪಕ್ಕದ ಕನ್ನಡಿಗಳನ್ನು ಮಡಚಿ, ಉಸಿರು ಬಿಗಿಹಿಡಿದು, ಕಾರನ್ನು ಇಂಚಿಂಚಾಗಿ ಒಳಗೆ ನುಗ್ಗಿಸಿದರು. ಆಹಾ! ಒಂದು ಗೀರಿಲ್ಲ, ಒಂದು ಸದ್ದಿಲ್ಲ! "ಲೇ ಇವಳೇ, ಬಾ ನೋಡು! ಹೇಗೆ ಮೈಗೆ ಹಿಡಿದು ಕೂತಿದೆ!" ಎಂದು ಕೂಗುತ್ತಲೇ ಇಳಿಯಲು ಬಾಗಿಲು ತೆರೆದರು. ಟಕ್! ಬಾಗಿಲು ಸರಿಯಾಗಿ ಮೂರಿಂಚು ತೆರೆದು ಗೋಡೆಗೆ ತಗುಲಿತು.

ಆ ಬದಿಯ ಬಾಗಿಲು ನೋಡಿದರು. ಅದೂ ಮೂರಿಂಚು! ಮಾಸ್ತರು ಹೊಟ್ಟೆ ಒಳಗೆಳೆದುಕೊಂಡರು. ಆ ಹೊಟ್ಟೆಗೆ ಹದಿನೈದು ಇಂಚಾದರೂ ಬೇಕಿತ್ತು. ಕೋಟು ಹೊಲಿಯುವವರಿಗೆ, ಕಾರಿಗೆ ಬಾಗಿಲಿರುತ್ತದೆ, ಅದು ಹೊರಕ್ಕೆ ತೆರೆಯುತ್ತದೆ ಎಂಬುದು ಹೊಳೆದೇ ಇರಲಿಲ್ಲ.

ಟೀಚರು ಬಂದು ಹಿಂದಿನ ಗಾಜಿನಲ್ಲಿ ಇಣುಕಿದರು. "ಇಳೀರಿ."

"ಸ್ವಲ್ಪ ಹೊತ್ತು ಕೂತಿರ್ತೀನಿ."

"ಎಷ್ಟು ಹೊತ್ತು?"

"ಪಾಲಿಸಿ ಮುಗಿಯೋವರೆಗೂ!"

"ರಿವರ್ಸ್ ತಗೊಳ್ರೀ!"

ಮಾಸ್ತರು ಗೇರು ಮುಟ್ಟಿದವರೇ ಕೈ ಹಿಂದಕ್ಕೆ ತೆಗೆದರು. ಇದುವರೆಗಿನ ಕಂಬಗಳೆಲ್ಲ ಸಿಕ್ಕಿದ್ದು ರಿವರ್ಸಿನಲ್ಲೇ! ಈಗೊಂದು ಗೀರು ಬಿದ್ದರೆ ರಿಯಾಯಿತಿಯೂ ಹೋಯಿತು, ಕೀಲಿಯೂ ಹೋಯಿತು. ಅಷ್ಟರಲ್ಲಿ ತಪಾಸಣೆಯ ಮೇಡಂ ಬಂದೇಬಿಟ್ಟರು.

ತೆರೆದಿದ್ದ ಬಾಗಿಲಿನಿಂದ ಹಜಾರಕ್ಕೆ ಕಾಲಿಟ್ಟವರು ಅಲ್ಲಿ ಕೋಟು ತೊಟ್ಟು ನಿಂತಿದ್ದವರಿಗೆ ಕೈಮುಗಿದು, "ಸಾರ್, ಕಾರೆಲ್ಲಿ?" ಎಂದರು. ಉತ್ತರ ಬರಲಿಲ್ಲ. ಕಿವಿ ಮಂದವಿರಬೇಕೆಂದು ಎರಡನೇ ಸಲ ಗಟ್ಟಿಯಾಗಿ ಕೇಳಿದರು. ಟೀಚರು ಓಡಿ ಬಂದು ಅವರನ್ನು ಬೊಂಬೆಯಿಂದ ಬಿಡಿಸಿ ಶೆಡ್ಡಿಗೆ ಕರೆದೊಯ್ದರು.

"ಒಳಗೆ ಯಾರೋ ಇದಾರಲ್ಲ?"

"ನಮ್ಮ ಯಜಮಾನ್ರು."

"ಏನ್ ಮಾಡ್ತಿದಾರೆ?"

"ಕಳ್ಳರು ಬರದ ಹಾಗೆ ಕಾಯ್ತಿದೀನಿ ಮೇಡಂ!" ಎಂದಿತು ಒಳಗಿನ ದನಿ. "ಇದಕ್ಕೂ ರಿಯಾಯಿತಿ ಇದ್ರೆ ಬರ್ಕೊಳ್ಳಿ!"

ಮೇಡಂ ಬರೆದುಕೊಳ್ಳಲಿಲ್ಲ. ಕೊನೆಗೆ ಮಾಸ್ತರು ಹಿಂದಿನ ಡಿಕ್ಕಿಯ ಲಿವರ್ ಎಳೆದು, ಸೀಟುಗಳ ಮೇಲೆ ತೆವಳಿ, ನಡುವೆ ಸಿಕ್ಕಿಕೊಂಡರು. ಇಬ್ಬರೂ ಹೆಂಗಸರು ಒಂದೊಂದು ಕೈ ಹಿಡಿದು ಎಳೆದರು. ಅಂತೂ ಮಾಸ್ತರು ಹೊರಬಂದರು, ಅಂಗಿಯ ಎರಡು ಗುಂಡಿ ಒಳಗೇ ಉಳಿದವು.

ಟೀಚರು ಚಪ್ಪಲಿ ಬಿಟ್ಟು ಅದೇ ದಾರಿಯಲ್ಲಿ ಒಳಗೆ ತೂರಿದರು. ಕತ್ತು ತಿರುಗಿಸಿ, ಒಂದೇ ಉಸಿರಿಗೆ ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದರು. ಒಂದು ಗೀರಿಲ್ಲ! ಮಾಸ್ತರಿಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು.

"ಇಳಿಯೋಕಾಗದ ಜಾಗಕ್ಕೆ ರಿಯಾಯಿತಿ ಇಲ್ಲ ಸಾರ್" ಎಂದರು ಮೇಡಂ. ಮಾಸ್ತರು ಬಾನೆಟ್ಟಿಗೆ ಒರಗಿಕೊಂಡರು. "ಆದ್ರೆ ಟೀಚರ್ ಹೆಸರಲ್ಲಿ ಒಂದೂ ಕ್ಲೇಮಿಲ್ಲ. ಅವರೇ ಮುಖ್ಯ ಚಾಲಕರು ಅಂತ ಬರೆದ್ರೆ ಕಾಲು ಭಾಗ ಇಳಿಯುತ್ತೆ."

ಮಾಸ್ತರಿಗೆ ಜೀವ ಬಂತು. "ಅರ್ಧ ಆಗ್ಲೇಬೇಕು ಮೇಡಂ! ಪ್ರತಿಜ್ಞೆ ಮಾಡಿದೀನಿ! ಏನು ಬೇಕಾದ್ರೂ ಮಾಡ್ತೀನಿ!"

"ಹಾಗಾದ್ರೆ ಚಾಲಕರ ಪಟ್ಟಿಯಿಂದ ನಿಮ್ಮ ಹೆಸರು ತೆಗೀರಿ. ಸರಿಯಾಗಿ ಅರ್ಧ."

ಮಾಸ್ತರು ಮೇಡಂ ಅವರನ್ನು ನೋಡಿದರು, ಕಾರನ್ನು ನೋಡಿದರು, ಹೆಂಡತಿಯನ್ನು ನೋಡಲಿಲ್ಲ. ಪ್ರತಿಜ್ಞೆ ಗೆದ್ದ ವೀರನಂತೆ ಎದೆಯುಬ್ಬಿಸಿ ಸಹಿ ಹಾಕಿದರು. ಕಣ್ಣಂಚಿನಲ್ಲಿ ನೀರಿತ್ತು.

"ಇನ್ನೂ ಇಳಿಸೋಕೆ ಏನಾದ್ರೂ ಮಾಡ್ಬಹುದಾ ಮೇಡಂ?" ಎಂದರು ಟೀಚರು.

"ಇವರು ಪಕ್ಕದಲ್ಲಿ ಕೂತ್ರೆ ಹಾಗೆ ಓಡ್ಸು, ಹೀಗೆ ಓಡ್ಸು ಅಂತಾರಾ?"

"ಅಂತಾರೆ!"

"ಹಿಂದಿನ ಸೀಟಲ್ಲಿ ಕೂರ್ಸಿ. ಇದಕ್ಕೆ ಕಂಪನಿ ಏನೂ ಕೊಡಲ್ಲ, ನಂಗೂ ಮದುವೆಯಾಗಿ ಹನ್ನೆರಡು ವರ್ಷ ಆಯ್ತು, ಅದಕ್ಕೇ ಹೇಳ್ದೆ!"