ಮುಂದಿನ ತಾರೀಖು ಇಲ್ಲದ ಊರು

ಅಪೀಲು ನಡೆಸುವ ವಕೀಲಳಿಗೆ ನಗುವ ಸಂದರ್ಭ ಎಲ್ಲಿ ಬರುತ್ತದೆ ಎಂದು ಜನ ಕೇಳುತ್ತಾರೆ. ನನ್ನ ಬಳಿ ಬರುವವರು ಆಗಲೇ ಒಂದು ಸಲ ಸೋತು ಬಂದಿರುತ್ತಾರೆ, ನಿಜ. ಆದರೆ ಸಿಂಗಪುರಕ್ಕೆ ಬಂದ ನಮ್ಮ ಕನ್ನಡಿಗರು ಸೋತಾಗಲೂ ಊರಿನ ಲೆಕ್ಕಾಚಾರ ಬಿಡುವುದಿಲ್ಲ. ಹಾಗಾಗಿ ನಗು ಬರಿಸುವ ಪ್ರಸಂಗಗಳು ನಡೆಯುತ್ತಲೇ ಇರುತ್ತವೆ. ಕೆಳಗಿನವು ಒಂದೇ ಕೇಸಿನ ಕಾಲದವು.

೧. ಸುಪ್ರೀಂ ಕೋರ್ಟ್‌ವರೆಗೂ

ಕಕ್ಷಿಗಾರರು ಹುಬ್ಬಳ್ಳಿಯ ಎಂಜಿನಿಯರು. ಅವರ ಪತ್ನಿಯಾಗಿದ್ದವರು ಮೈಸೂರಿನವರು. ವಿಚ್ಛೇದನವಾದ ಮೇಲೆ ಪ್ರೈಮರಿ ಸ್ಕೂಲಿನ ಮಗಳು ತಾಯಿಯ ಜೊತೆ ಪುಂಗೋಲ್‌ನಲ್ಲಿದ್ದಳು. ಇವರು ಬುಕಿತ್ ಬಾಟೋಕ್‌ನಲ್ಲಿ ಒಂದು ರೂಮು ಹಿಡಿದಿದ್ದರು. ತಾಯಿಗೆ ಮೈಸೂರಿನ ಕಾಲೇಜೊಂದರಲ್ಲಿ ಕೆಲಸ ಸಿಕ್ಕಿತು. ಮಗಳನ್ನು ಕರೆದುಕೊಂಡು ಹೋಗಬಹುದು ಎಂದು ಕೆಳಗಿನ ಕೋರ್ಟು ಹೇಳಿತು. ಅಪೀಲು ಮುಗಿಯುವವರೆಗೆ ಮಾತ್ರ ಹುಡುಗಿ ಇಲ್ಲೇ ಇರಬೇಕು.

“ಸುಪ್ರೀಂ ಕೋರ್ಟ್‌ವರೆಗೂ ಹೋಗ್ತೀನಿ ಮೇಡಂ” ಎಂದರು.

ನಮ್ಮಲ್ಲಿ ಈ ಮಾತಿಗೆ ಒಂದು ತೂಕವಿದೆ. ಹೇಳಿದವನು ಹೊಲ ಮಾರುತ್ತಾನೆ, ದಿಲ್ಲಿ ರೈಲು ಹತ್ತುತ್ತಾನೆ. ಇಲ್ಲಿ ಸಿಟಿ ಹಾಲ್ ಸ್ಟೇಷನ್‌ನಲ್ಲಿ ಇಳಿದು ರಸ್ತೆ ದಾಟಿದರೆ ಮುಗಿಯಿತು.

“ಎಷ್ಟು ವರ್ಷ ನಡೆಯುತ್ತೆ?”

“ವರ್ಷ ಎಲ್ಲಿ? ಕೆಲವು ತಿಂಗಳು.”

ಅವರ ಮುಖ ಇಳಿದುಹೋಯಿತು. ಅವರ ತಾತನ ಕಾಂಪೌಂಡ್ ಗೋಡೆಯ ಕೇಸು, ತಾತ ಹೋಗಿ, ಪಕ್ಕದ ಮನೆಯವರು ಹೋಗಿ, ಕೊನೆಗೆ ಗೋಡೆಯೂ ಬಿದ್ದ ಮೇಲೂ ನಡೆದಿತ್ತಂತೆ. ಅದೇ ಭರವಸೆಯಲ್ಲಿ ಬಂದಿದ್ದರು. ತೀರ್ಪು ಬರುವಷ್ಟರಲ್ಲಿ ಮಗಳು ಇಲ್ಲೇ ಕಾಲೇಜು ಮುಗಿಸಿರುತ್ತಾಳೆ ಎಂಬುದು ಅವರ ಎಣಿಕೆ.

ಸ್ವಲ್ಪ ಯೋಚಿಸಿ ಕೇಳಿದರು: “ಸ್ವಲ್ಪ ಸ್ಲೋ ಇರೋ ಕೋರ್ಟ್ ಬುಕ್ ಮಾಡೋಕೆ ಆಗಲ್ವಾ?”

೨. ಕಾಗದಕ್ಕೆ ಕೂದಲಿಲ್ಲ

ಒಂದು ದಿನ ಕಕ್ಷಿಗಾರರು ಒಬ್ಬ ಚೀನೀ ಆಂಟಿಯನ್ನು ಆಫೀಸಿಗೇ ಕರೆತಂದರು. ತಾಯಿ ಮಗಳು ಇರುವ ಬ್ಲಾಕಿನವರೇ. ತಾಯಿ ಬೆಳಗ್ಗೆ ಬೇಗ ಲ್ಯಾಬಿಗೆ ಹೊರಟುಬಿಡುತ್ತಾರೆ. ಈ ಮನುಷ್ಯ ದ್ವೀಪದ ಆ ತುದಿಯಿಂದ ಈ ತುದಿಗೆ ಬಂದು, ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಎಂಬ ತೆರೆದ ಪಡಸಾಲೆಯ ಕಲ್ಲುಬೆಂಚಿನ ಮೇಲೆ ಮಗಳನ್ನು ಕೂರಿಸಿ, ಎರಡು ಜಡೆ ಹಾಕಿ ಸ್ಕೂಲಿಗೆ ಬಿಡುತ್ತಾರೆ ಎಂದು ಆಂಟಿ ಹೇಳಿದರು. “ಬೆಟರ್ ದ್ಯಾನ್ ಸಲೂನ್, ಲಾ.” ಈ ‘ಲಾ’ ಕಾನೂನಿನದಲ್ಲ, ಸಿಂಗಪುರದವರ ಮಾತಿನ ಬಾಲ.

ನಾನು ಪೆನ್ನು ಕೆಳಗಿಟ್ಟೆ. “ಇದನ್ನ ಕೆಳಗಿನ ಕೋರ್ಟಲ್ಲಿ ಯಾಕೆ ಹೇಳಲಿಲ್ಲ?”

“ಗಂಡಸು ಜಡೆ ಹಾಕ್ತೀನಿ ಅಂತ ಹೇಗೆ ಹೇಳೋದು ಮೇಡಂ? ಅದೂ ಅಫಿಡವಿಟ್‌ನಲ್ಲಿ?”

ಸಂಬಳ, ಇನ್ಶೂರೆನ್ಸು, ಡಿಗ್ರಿ ಎಲ್ಲವನ್ನೂ ಪ್ರಮಾಣ ಮಾಡಿ ಹೇಳಿದ್ದರು. ಹೇಳಬೇಕಾದ್ದನ್ನು ನಾಚಿಕೊಂಡು ನುಂಗಿದ್ದರು. ಆಗಲೇ ಹೇಳಬಹುದಾಗಿದ್ದನ್ನು ಅಪೀಲಿನಲ್ಲಿ ಹೊಸದಾಗಿ ಹೇಳಲು ಸಾಮಾನ್ಯವಾಗಿ ಬಿಡುವುದಿಲ್ಲ. ನಾನು ಅರ್ಜಿ ಹಾಕಿ ನೋಡಿದೆ, ನಡೆಯಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಮೇಲಿನ ಜಡ್ಜು ಸಾಕ್ಷಿಗಳನ್ನು ನೋಡುವುದಿಲ್ಲ, ಫೈಲಿನಲ್ಲಿರುವ ಕಾಗದ ಮಾತ್ರ ನೋಡುತ್ತಾರೆ ಎಂದು ಆಂಟಿಗೂ ವಿವರಿಸಿದೆ.

ಆಂಟಿ ಬ್ಯಾಗು ಎತ್ತಿಕೊಂಡು ಎದ್ದರು. “ಪೇಪರ್ ನೋ ಹೇರ್, ಲಾ.”

೩. ನಮ್ಮ ಮನೆಯ ಬೆಂಚು

ಆ ವಾರವೆಲ್ಲ ಇಂಥ ಕೇಸುಗಳ ಇತ್ತೀಚಿನ ತೀರ್ಪುಗಳನ್ನು ಹರಡಿಕೊಂಡು ಕೂತಿದ್ದೆ. ಅಪ್ಪ ಗೆದ್ದನೋ ಅಮ್ಮ ಗೆದ್ದಳೋ ಎಂಬುದಲ್ಲ, ಮಗುವಿಗೆ ಯಾವುದು ಒಳ್ಳೆಯದು ಎಂಬುದೇ ಮುಖ್ಯ ಅನ್ನುತ್ತವೆ ಎಲ್ಲವೂ. ಸರಿಯಾದ ಮಾತೇ. ಎರಡೂ ಕಡೆ ಮಗುವಿಗೆ ಒಳ್ಳೆಯದಿದ್ದಾಗ ಏನು ಮಾಡಬೇಕು ಎಂದು ಹುಡುಕುತ್ತಿದ್ದೆ.

ಅಷ್ಟರಲ್ಲಿ ನನ್ನ ಮಗ ಬಂದ. ಅವನ ಗೇಮಿಗೆ ನಾನು ನಿಷೇಧ ಹೇರಿದ್ದೆ. ಅವನು ಅಪ್ಪನ ಹತ್ತಿರ ಅಪೀಲು ಹೋಗಿದ್ದ. “ಅಪ್ಪ ಕೇಳಿಸಿಕೊಳ್ಳೋದೇ ಇಲ್ಲ, ರೀಸನ್ ಕೊಡದೆ ಡಿಸ್ಮಿಸ್ ಮಾಡ್ತಾರೆ, ಲಾ.”

ದೂರು ನ್ಯಾಯವಾದದ್ದೇ. ಕಾರಣ ಕೊಡಿ ಎಂದು ಗಂಡನಿಗೆ ಹೇಳಿದೆ.

ಅವರು ಮಗನತ್ತ ತಿರುಗಿ ಹೇಳಿದರು: “ನೋಡಪ್ಪ, ಕೆಳಗಿನ ಕೋರ್ಟಿನ ಜೊತೆ ನಾನು ಸಂಸಾರ ಮಾಡಬೇಕು.”

೪. ಊಟದ ಡಬ್ಬಿ

ವಿಚಾರಣೆಯ ದಿನ ಕಕ್ಷಿಗಾರರು ಚಪಾತಿ, ಬದನೆಕಾಯಿ ಪಲ್ಯದ ಡಬ್ಬಿ ತಂದಿದ್ದರು. ಸಂಜೆಯವರೆಗೆ ಕೂತು, ಮುಂದಿನ ತಾರೀಖು ತೆಗೆದುಕೊಂಡು ಹೋಗುವ ಸಿದ್ಧತೆ.

ಜಡ್ಜು ಎಲ್ಲವನ್ನೂ ಮೊದಲೇ ಓದಿಕೊಂಡು ಬಂದಿದ್ದರು. ನನ್ನನ್ನು ಸ್ವಲ್ಪ ಕೇಳಿದರು, ಆ ಕಡೆಯ ವಕೀಲರನ್ನು ಇನ್ನೂ ಸ್ವಲ್ಪ ಕೇಳಿದರು. ಕೆಳಗಿನ ತೀರ್ಪಿನಲ್ಲಿ ತಪ್ಪು ಕಾಣುತ್ತಿಲ್ಲ ಎಂದು ಕಾರಣ ಹೇಳಿ, ಅಪೀಲು ವಜಾ ಮಾಡಿದರು. ಹೊರಗೆ ಬಂದಾಗ ಡಬ್ಬಿ ಇನ್ನೂ ಬಿಸಿಯಾಗಿತ್ತು.

“ಮುಂದಿನ ತಾರೀಖು?”

“ಇಲ್ಲ. ಮುಗೀತು.”

ಅವರು ಡಬ್ಬಿ ಹಿಡಿದುಕೊಂಡು ಅಲ್ಲೇ ಬೆಂಚಿನ ಮೇಲೆ ಕೂತುಬಿಟ್ಟರು. ಆಗ ಗೆದ್ದ ತಾಯಿ ತಮ್ಮ ವಕೀಲರನ್ನು ಬಿಟ್ಟು ನಮ್ಮ ಹತ್ತಿರ ಬಂದರು. ಗೆದ್ದವರ ಮುಖ ಅದಾಗಿರಲಿಲ್ಲ.

“ಭಾನುವಾರ ನಾನೇ ಜಡೆ ಹಾಕೋಕೆ ಹೋದೆ. ಒಂದು ಕಿವಿ ಮೇಲೆ, ಒಂದು ಕತ್ತಿನ ಹತ್ರ. ಅವಳು ಕನ್ನಡಿ ನೋಡಿ ಬಿಚ್ಚಿ ಹಾಕಿದಳು. ಮೈಸೂರಲ್ಲಿ ಯಾರು ಹಾಕ್ತಾರೆ ಅಂತ ಅತ್ತಳು.” ಕಕ್ಷಿಗಾರರತ್ತ ತಿರುಗಿ ಹೇಳಿದರು: “ನನಗೆ ಸರಿಯಾಗಿ ಕಲಿಸಿ. ಕಲಿತ ಮೇಲೆ ಹೊರಡ್ತೀವಿ. ಕಾಲೇಜಿನವರ ಹತ್ರ ಟೈಮ್ ಕೇಳ್ತೀನಿ.”

ಜಡ್ಜು ಕೊಡದ ತಾರೀಖನ್ನು ಎದುರು ಪಾರ್ಟಿಯೇ ಕೊಟ್ಟಿದ್ದರು. ನಾನು ಫೈಲು ಜೋಡಿಸುವ ನೆಪದಲ್ಲಿ ಕಣ್ಣು ಒರೆಸಿಕೊಂಡೆ. ಕಕ್ಷಿಗಾರರು ಎದ್ದು, ಡಬ್ಬಿಯನ್ನು ಆ ತಾಯಿಯ ಕೈಗೆ ಕೊಟ್ಟರು. ಆಮೇಲೆ ನನ್ನನ್ನು ಕಂಬದ ಮರೆಗೆ ಕರೆದರು. ನಾಲ್ಕು ಜನರ ನಡುವೆ ಬೆಂಗಳೂರು ಕನ್ನಡ ಆಡುವ ಮನುಷ್ಯ, ಈಗ ಹುಬ್ಬಳ್ಳಿ ಮಾತಿಗೇ ಇಳಿದುಬಿಟ್ಟಿದ್ದರು.

“ಮೇಡಂ, ಹೆರಳು ಹಾಕೋದು ಕಲಸೋದನ್ನ ಎಷ್ಟ್ ವರ್ಷ ಎಳೀಬಹುದ್ರೀ?”